ಉದ್ದದ ಓಟವನ್ನು ಕಳೆದು ನೋಡಿದಾಗ: ಸೂಪರ್ ಬೌಲ್ ಪ್ರಾಪ್‌ಗಳಲ್ಲಿ ನನ್ನ ಏಳು ವರ್ಷ

ಸೂಪರ್ ಬೌಲ್ ಎಂದರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಅಂತಿಮ ಪಂದ್ಯ; ಯಾರು ಗೆಲ್ಲುತ್ತಾರೆಂಬುದನ್ನು ಬಿಟ್ಟು, ಪಂದ್ಯದೊಳಗಿನ ಒಂದೊಂದು ಸಂಗತಿಯ ಮೇಲೆ ಕಟ್ಟುವ ಬೆಟ್ಟೇ ಪ್ರಾಪ್. ಬುಕ್, ಅಂದರೆ ಬೆಟ್ಟಿಂಗ್ ಕಂಪನಿ, ಇಡುವ ಅಂಕಿ ಲೈನ್; ಅದನ್ನು ದಾಟುತ್ತದೆಂದು ಕಟ್ಟಿದರೆ ಓವರ್, ದಾಟುವುದಿಲ್ಲವೆಂದು ಕಟ್ಟಿದರೆ ಅಂಡರ್. 2025ರ ಫೆಬ್ರವರಿ ಮೊದಲ ವಾರದಲ್ಲಿ, ಸೇಕ್ವಾನ್ ಬಾರ್ಕ್ಲಿ ಚೆಂಡು ಹಿಡಿದು ಓಡುವ ಯಾರ್ಡ್‌ಗಳ ಮೇಲೆ ಅಂಡರ್ ಕಟ್ಟುತ್ತೇನೆಂದು ನಾನು ಹೇಳಿದಾಗ ನಕ್ಕವರೇ ಹೆಚ್ಚು. ನಗುವುದಕ್ಕೆ ಕಾರಣವೂ ಇತ್ತು. ಈಗಲ್ಸ್ ತಂಡದ ಆ ಆಟಗಾರ ಲೀಗ್ ಹಂತದ 16 ಪಂದ್ಯಗಳಲ್ಲಿ 2,005 ಯಾರ್ಡ್ ಓಡಿದ್ದ. ಆ ಬಳಿಕ ಪ್ಲೇಆಫ್‌ನ ಮೂರು ಪಂದ್ಯಗಳಲ್ಲಿ ಕ್ರಮವಾಗಿ 119, 205 ಮತ್ತು 118 ಯಾರ್ಡ್ ಗಳಿಸಿದ್ದ. ಹೀಗಿರುವಾಗ ಬುಕ್‌ಗಳು ಇಟ್ಟಿದ್ದ ಲೈನ್ 110ರ ಆಸುಪಾಸಿನಲ್ಲಿತ್ತು. ಇದರ ಮೇಲೆ ಅಂಡರ್ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂದು ನನ್ನ ಭಾವಮೈದುನ ಹೇಳಿದ. ಅಷ್ಟಕ್ಕೇ ಬಿಡದೆ, ನಾನು ವರ್ಷಗಟ್ಟಲೆ ಎಲ್ಲರಿಗೂ ಉಪದೇಶಿಸುತ್ತ ಬಂದಿದ್ದ ಮಧ್ಯಾಂಕದ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯ) ಲೆಕ್ಕವನ್ನೇ ನನ್ನ ಮುಂದೆ ಹಿಡಿದ: "ಭಾವ, ನಿಮ್ಮ ಮಧ್ಯಾಂಕವೇ ನಿಮ್ಮ ವಿರುದ್ಧ ನಿಂತಿದೆಯಲ್ಲ." ಅವನ ಮಾತು ಸರಿಯಾಗಿತ್ತು. ಆ 16 ಪಂದ್ಯಗಳ ಸರಾಸರಿ 125, ಮಧ್ಯಾಂಕ 116 ಚಿಲ್ಲರೆ. ಎರಡೂ ಲೈನಿಗಿಂತ ಮೇಲೆಯೇ ಇದ್ದವು. ಆದರೂ ನಾನು ಕಟ್ಟಿದೆ, ಅದೂ ಆ ವರ್ಷದ ನನ್ನ ಅತಿ ದೊಡ್ಡ ಮೊತ್ತವನ್ನು. ಹಾಗೆ ಕಟ್ಟುವ ಧೈರ್ಯ ಎಲ್ಲಿಂದ ಬಂತೆಂಬುದನ್ನು ಹೇಳಬೇಕಾದರೆ, ಅದಕ್ಕೆ ಮುಂಚಿನ ಆರು ವರ್ಷಗಳ ನಷ್ಟವನ್ನೂ ಹೇಳಬೇಕಾಗುತ್ತದೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. 2018ರ ಮೇ ತಿಂಗಳಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಜೂನ್‌ನಲ್ಲೇ ಇಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧವಾಗಿ ಆರಂಭವಾಯಿತು. ಹೀಗಾಗಿ 2019ರ ಫೆಬ್ರವರಿಯದೇ ನನ್ನ ಮೊದಲ ಸೂಪರ್ ಬೌಲ್. (ಊರಿನಲ್ಲಿರುವ ಗೆಳೆಯರು ಇದನ್ನು ಓದಿ ಫೋನ್ ಕೈಗೆತ್ತಿಕೊಳ್ಳುವುದು ಬೇಡ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿದೆ.) ಹಗಲಿನಲ್ಲಿ ನಾನು ಮಾಡುವುದು ವಿಮೆಯ ನಷ್ಟಗಳನ್ನು ಅಂದಾಜು ಮಾಡುವ ಕೆಲಸ. ನೂರು ಸಣ್ಣ ಕ್ಲೇಮುಗಳ ನಡುವೆ ಬರುವ ಒಂದು ದೊಡ್ಡ ಕ್ಲೇಮು ಇಡೀ ಸರಾಸರಿಯನ್ನು ಹೇಗೆ ಮೇಲಕ್ಕೆ ಎಳೆಯುತ್ತದೆ ಎಂಬುದನ್ನು ಬಲ್ಲೆನೆಂಬ ಕಾರಣಕ್ಕೇ ನನಗೆ ಸಂಬಳ ಬರುತ್ತದೆ. ಅದೇ ಮನುಷ್ಯ ಆ ಮೊದಲ ವರ್ಷ ಏನು ಮಾಡಿದನೆಂದರೆ, ಆಟಗಾರರ ಋತುವಿನ ಸರಾಸರಿಯನ್ನು ಒಂದು ಕಾಲಮಿನಲ್ಲಿ, ಬುಕ್‌ಗಳ ಲೈನನ್ನು ಪಕ್ಕದ ಕಾಲಮಿನಲ್ಲಿ ಇಟ್ಟು, ಸರಾಸರಿ ಹೆಚ್ಚಿದ್ದಲ್ಲೆಲ್ಲ ಓವರ್ ಕಟ್ಟಿದ. ರ‍್ಯಾಮ್ಸ್ ತಂಡದ ಜ್ಯಾರೆಡ್ ಗಾಫ್ ಎಸೆತಗಳ ಮೇಲೆ ಓವರ್, ಟಾಡ್ ಗರ್ಲಿ ಓಟದ ಮೇಲೆ ಓವರ್, ಒಟ್ಟು ಟಚ್‌ಡೌನ್‌ಗಳ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದರ) ಮೇಲೂ ಓವರ್. ಪಂದ್ಯ 13-3ರಲ್ಲಿ ಮುಗಿಯಿತು. ಸೂಪರ್ ಬೌಲ್ ಚರಿತ್ರೆಯಲ್ಲಿ ಅದಕ್ಕಿಂತ ಕಡಿಮೆ ಅಂಕಗಳ ಪಂದ್ಯ ಇನ್ನೊಂದಿಲ್ಲ. ಗರ್ಲಿ 10 ಓಟಗಳಲ್ಲಿ ಗಳಿಸಿದ್ದು 35 ಯಾರ್ಡ್. ನಾನು ಕಳೆದುಕೊಂಡದ್ದು ಸುಮಾರು 1,150 ಡಾಲರ್.

ಆ ಬೇಸಿಗೆಯಲ್ಲಿ ಕುಳಿತು ಆಫೀಸಿನ ಬುದ್ಧಿಯನ್ನು ಮನೆಗೆ ತಂದೆ. ಯಾರ್ಡ್‌ಗಳ ಹಂಚಿಕೆ ಒಂದೇ ಕಡೆಗೆ ಬಾಲ ಚಾಚಿಕೊಂಡಿರುತ್ತದೆ. ಸೊನ್ನೆಗಿಂತ ಬಹಳ ಕೆಳಗೆ ಯಾರೂ ಇಳಿಯುವುದಿಲ್ಲ, ಆದರೆ ಮೇಲೆ 200ನ್ನೂ ದಾಟಬಹುದು. ಆದ್ದರಿಂದ ಸರಾಸರಿ ಸಾಮಾನ್ಯವಾಗಿ ಮಧ್ಯಾಂಕಕ್ಕಿಂತ ಮೇಲಿರುತ್ತದೆ, ಬೆಟ್ಟು ಗೆಲ್ಲುವುದೋ ಸೋಲುವುದೋ ಎಂಬುದು ಮಧ್ಯಾಂಕದ ಮೇಲೆ ನಿಲ್ಲುತ್ತದೆ. ಇದನ್ನು ಪರೀಕ್ಷಿಸಲು ನಾನು ಮೊದಲು ತೆಗೆದುಕೊಂಡದ್ದು ಫುಟ್‌ಬಾಲನ್ನಲ್ಲ, ನಾವೆಲ್ಲರೂ ಬಾಯಿಪಾಠ ಮಾಡಿರುವ ಒಂದು ಕ್ರಿಕೆಟ್ ಪಟ್ಟಿಯನ್ನು: 2016ರ ಐಪಿಎಲ್‌ನಲ್ಲಿ ಆರ್‌ಸಿಬಿಯ ಪರವಾಗಿ ವಿರಾಟ್ ಕೊಹ್ಲಿ 16 ಇನ್ನಿಂಗ್ಸ್‌ಗಳಲ್ಲಿ ಹೊಡೆದ 973 ರನ್. ಇನ್ನಿಂಗ್ಸಿಗೆ ಸುಮಾರು 61. ಮಧ್ಯಾಂಕ ಲೆಕ್ಕ ಹಾಕಿದರೆ ಅದು 64 ದಾಟಿತು! ನನ್ನ ಸಿದ್ಧಾಂತ ಮೊದಲ ಪರೀಕ್ಷೆಯಲ್ಲೇ ಮುಗ್ಗರಿಸಿತು. ಒಬ್ಬ ಬ್ಯಾಟರ್ ತನ್ನ ಜೀವಮಾನದ ಶಿಖರದಲ್ಲಿದ್ದ ಎರಡು ತಿಂಗಳನ್ನು ನಮೂನೆಯಾಗಿ ಆರಿಸಿಕೊಂಡರೆ ಹೀಗೇ ಆಗುತ್ತದೆ ಎಂಬ ವಿವೇಕ ನನಗೆ ಬಂದದ್ದು ಆಗ. ಆದರೆ ಆ ವಿವೇಕವನ್ನು ನಾನು ಪೂರ್ತಿಯಾಗಿ ಬಳಸಿಕೊಂಡದ್ದು ಆರು ವರ್ಷಗಳ ನಂತರ, ಬಾರ್ಕ್ಲಿಯ ಪಟ್ಟಿಯ ಮುಂದೆ ಕುಳಿತಾಗ.

2020ರಲ್ಲಿ ಕ್ರಮವನ್ನು ಬದಲಿಸಿದೆ. ಜನ ಹಣ ಕಟ್ಟುವುದು ಏನಾದರೂ ಆಗಲಿ ಎಂಬ ಕಡೆಗೆ. ಅಂಡರ್ ಕಟ್ಟಿ ಮೂರೂವರೆ ಗಂಟೆ ಯಾರೂ ಓಡದಿರಲಿ ಎಂದು ಹರಸುತ್ತ ಕುಳಿತುಕೊಳ್ಳಲು ಯಾರಿಗೂ ಇಷ್ಟವಿಲ್ಲ. 1986ರ ಸೂಪರ್ ಬೌಲ್‌ನಲ್ಲಿ ಷಿಕಾಗೋ ಬೇರ್ಸ್ ತಂಡದ ದಢೂತಿ ರಕ್ಷಕ ವಿಲಿಯಂ ಪೆರಿ ಟಚ್‌ಡೌನ್ ಗಳಿಸಿ ಲಾಸ್ ವೇಗಸ್‌ನ ಬುಕ್‌ಗಳ ಜೇಬು ಖಾಲಿ ಮಾಡಿದ ದಿನದಿಂದಲೂ ಈ ಪ್ರಾಪ್‌ಗಳ ಮಾರುಕಟ್ಟೆ ನಿಂತಿರುವುದೇ 'ಹೌದು' ಎಂಬುವವರ ಹಣದ ಮೇಲೆ. 2012, 2013, 2014ರಲ್ಲಿ ಸತತವಾಗಿ ಸೇಫ್ಟಿ (ಚೆಂಡು ಹೊಂದಿದ ತಂಡ ತನ್ನದೇ ಗೋಲಿನೊಳಗೆ ಸಿಕ್ಕಿಬಿದ್ದಾಗ ಎದುರಾಳಿಗೆ ಸಿಗುವ ಎರಡು ಅಂಕ) ಆದ ಬಳಿಕವಂತೂ ಆ ಒಂದು ಪ್ರಾಪ್‌ನ ಮೇಲಿನ ಜನರ ಪ್ರೀತಿ ಇನ್ನೂ ಇಳಿದಿಲ್ಲ. ವಾರಾಂತ್ಯ ಹತ್ತಿರವಾದಂತೆ ಈ ಹಣ ಲೈನುಗಳನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಓವರ್ ಬೇಕಿದ್ದರೆ ಲೈನ್ ಹೊರಬಿದ್ದ ಗಂಟೆಯಲ್ಲೇ ತೆಗೆದುಕೊಳ್ಳಬೇಕು, ಅಂಡರ್ ಬೇಕಿದ್ದರೆ ಕೊನೆಯವರೆಗೆ ಕಾಯಬೇಕು. ಕೊನೆಯೆಂದರೆ ಭಾನುವಾರದ ಯಾವ ಹೊತ್ತು ಎಂಬುದನ್ನು ಮಾತ್ರ ನಾನಿಲ್ಲಿ ಬರೆಯುವುದಿಲ್ಲ.

ಆ ವರ್ಷ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಆಟಗಾರ) ಪ್ಯಾಟ್ರಿಕ್ ಮಹೋಮ್ಸ್‌ನ ಓಟದ ಲೈನ್ 30ರ ಹತ್ತಿರ ಆರಂಭವಾಗಿ ಶನಿವಾರದ ಹೊತ್ತಿಗೆ 35 ದಾಟಿತ್ತು, ಅಂಡರ್ ಕಟ್ಟಿದೆ. ಪಂದ್ಯ ಮುಗಿಯುವ ಹೊತ್ತಿಗೆ ಅವನು 44ರಲ್ಲಿದ್ದ, ನಾನು ಆ ಹಣವನ್ನು ಮರೆತು ತಟ್ಟೆಯಲ್ಲಿದ್ದ ಮಂಡಕ್ಕಿಯ ಕಡೆಗೆ ತಿರುಗಿದ್ದೆ. ಆಗ ಚೀಫ್ಸ್ ಗೆಲುವು ಖಚಿತವಾಗಿ, ಸಮಯ ಕಳೆಯಲೆಂದು ಅವನು ಮೂರು ಬಾರಿ ಹಿಂದಕ್ಕೆ ಸರಿದು ಮೊಣಕಾಲೂರಿದ. ಆ ಮೂರರಲ್ಲಿ 15 ಯಾರ್ಡ್ ಕಳೆದು ಅವನ ಮೊತ್ತ 29ಕ್ಕೆ ಇಳಿಯಿತು. ಗೆದ್ದದ್ದು ನಾನೇ ಆದರೂ ಈ ಗೆಲುವು ನನ್ನ ಲೆಕ್ಕದ ಫಲವಲ್ಲ ಎಂದು ಒಪ್ಪಿಕೊಳ್ಳಬೇಕು, ಮೊಣಕಾಲೂರುವಿಕೆಯ ಕಾಲಮ್ ಆಗ ನನ್ನ ಹಾಳೆಯಲ್ಲಿ ಇರಲೇ ಇಲ್ಲ. ಮರುವಾರವೇ ಸೇರಿಸಿದೆ: ಗೆಲ್ಲುವ ಸಂಭವ ಹೆಚ್ಚಿರುವ ಕ್ವಾರ್ಟರ್‌ಬ್ಯಾಕ್‌ನ ಓಟದಿಂದ ಇಷ್ಟು ಯಾರ್ಡ್ ಮುಂಚಿತವಾಗಿಯೇ ಕಳೆ, ಎಂದು. ಆ ವರ್ಷದ ಲಾಭ 300 ಡಾಲರ್ ಇರಬೇಕು. 2021ರಲ್ಲಿ ಬಕನಿಯರ್ಸ್ 31-9ರಿಂದ ಚೀಫ್ಸನ್ನು ಮಣಿಸಿದಾಗ ಮಹೋಮ್ಸ್ 49 ಬಾರಿ ಎಸೆದೂ 270 ಯಾರ್ಡಿಗೆ ನಿಂತ. ಲೈನ್ 320ಕ್ಕಿಂತ ಮೇಲಿತ್ತೆಂದು ನೆನಪು. ಸುಮಾರು 800 ಡಾಲರ್ ಬಂತು, ಜೊತೆಗೆ ಒಂದು ಬುಕ್‌ನಿಂದ ನನಗೆ ಸಿಗುತ್ತಿದ್ದ ಲಿಮಿಟ್ (ಒಂದು ಬೆಟ್ಟಿಗೆ ಕಟ್ಟಬಹುದಾದ ಗರಿಷ್ಠ ಮೊತ್ತ) 18 ಡಾಲರಿಗೆ ಇಳಿಯಿತು. ಕಾರಣ ಕೇಳಿದ್ದಕ್ಕೆ ಬಂದ ಉತ್ತರದಲ್ಲಿ ನನ್ನ ಹೆಸರೊಂದೇ ನಿಜವಾದ ಮಾಹಿತಿ. ಅಂದಿನಿಂದ ನಾನು ಐದಾರು ಬುಕ್‌ಗಳಲ್ಲಿ ಚಿಕ್ಕ ಚಿಕ್ಕ ಮೊತ್ತಗಳನ್ನೇ ಹರಡುತ್ತೇನೆ. ಎಲ್ಲೆಡೆ ದರಗಳನ್ನು ಹೋಲಿಸಿ ನೋಡುವುದರಿಂದ ಸಿಗುವ ಅರ್ಧ ಯಾರ್ಡ್, ಹತ್ತು ಪಾಯಿಂಟಿನಷ್ಟು ಒಳ್ಳೆಯ ದರ, ನನ್ನ ಯಾವ ಜಾಣ ಲೆಕ್ಕಕ್ಕಿಂತಲೂ ಹೆಚ್ಚು ಗಳಿಸಿಕೊಟ್ಟಿದೆ ಎಂಬುದು ಸ್ವಲ್ಪ ಅವಮಾನದ ಸಂಗತಿಯೇ ಸರಿ.

2022ರಲ್ಲಿ ಒಂದು ಹೊಸ ತಪ್ಪು ಮಾಡಿದೆ. 'ಇಲ್ಲ' ಎಂಬುದೇ ಸದಾ ಅಗ್ಗವೆಂದು ನಂಬಿ, ಎರಡೂ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳಲ್ಲದೆ ಚೆಂಡನ್ನು ಎಸೆಯುವ ಮೂರನೆಯ ವ್ಯಕ್ತಿ ಇರುತ್ತಾನೆಯೇ ಎಂಬ ಪ್ರಾಪ್‌ನಲ್ಲೂ 'ಇಲ್ಲ' ಕಟ್ಟಿದೆ. ಬೆಂಗಾಲ್ಸ್‌ನ ಓಟಗಾರ ಜೋ ಮಿಕ್ಸನ್ ಟೀ ಹಿಗ್ಗಿನ್ಸ್‌ಗೆ ಟಚ್‌ಡೌನನ್ನೇ ಎಸೆದ. ಹಿಂದಿರುಗಿ ನೋಡಿದರೆ 2018ರ ಪಂದ್ಯದಲ್ಲೂ ಎರಡೂ ತಂಡಗಳು ಇದೇ ಆಟ ಆಡಿದ್ದವು; ಫಿಲಡೆಲ್ಫಿಯಾ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ತಾನೇ ಚೆಂಡು ಹಿಡಿದು ಟಚ್‌ಡೌನ್ ಗಳಿಸಿದ್ದನ್ನು ಯಾರು ಮರೆತಾರು? ತರಬೇತುದಾರರಿಗೆ ಸೂಪರ್ ಬೌಲ್‌ಗೆ ಮುಂಚೆ ಎರಡು ವಾರ ಸಿಗುತ್ತದೆ, ಅದರಾಚೆ ಇನ್ನೊಂದು ಪಂದ್ಯವಿಲ್ಲ. ಬಚ್ಚಿಟ್ಟ ಚಮತ್ಕಾರಗಳನ್ನೆಲ್ಲ ಅವತ್ತೇ ತೆಗೆಯುತ್ತಾರೆ. ಲೀಗ್ ಹಂತದ ಸಂಭವನೀಯತೆಯನ್ನು ಇಲ್ಲಿ ತಂದು ಕೂರಿಸಿದ್ದು ನನ್ನ ದಡ್ಡತನ. ಅದೇ ರಾತ್ರಿ ರ‍್ಯಾಮ್ಸ್‌ನ ಕ್ಯಾಮ್ ಏಕರ್ಸ್ 13 ಓಟಗಳಲ್ಲಿ 21 ಯಾರ್ಡ್ ಮಾತ್ರ ಗಳಿಸಿ ನನ್ನ ಅಂಡರನ್ನು ಕಾಪಾಡಿದ್ದರಿಂದ, ನೂರೈವತ್ತು ಡಾಲರ್ ಲಾಭದಲ್ಲಿ ಮನೆಗೆ ಬಂದೆ.

ಚೀಫ್ಸ್ ಈಗಲ್ಸನ್ನು ಮಣಿಸಿದ 2023ರ 38-35ರ ಪಂದ್ಯ ಕಲಿಸಿದ ಪಾಠ ಬೇರೆಯದು. ನನ್ನ ಇಪ್ಪತ್ತೈದು ಬೆಟ್ಟುಗಳೆಂದು ನಾನು ಎಣಿಸಿಕೊಂಡಿದ್ದವು ವಾಸ್ತವದಲ್ಲಿ ಮೂರೋ ನಾಲ್ಕೋ ಬೆಟ್ಟುಗಳಷ್ಟೇ ಆಗಿದ್ದವು. ಆಟ ನಿಧಾನವಾದರೆ ಎಲ್ಲವೂ ಗೆಲ್ಲುತ್ತವೆ, ಬಿರುಸಾದರೆ ಎಲ್ಲವೂ ಒಟ್ಟಿಗೆ ಮುಳುಗುತ್ತವೆ. ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ 304 ಯಾರ್ಡ್ ಎಸೆದು, 70 ಯಾರ್ಡ್ ಓಡಿ, ತಾನೇ ಮೂರು ಟಚ್‌ಡೌನ್ ಓಡಿ ನನ್ನ ಅರ್ಧ ಹಾಳೆಯನ್ನು ಕೆಂಪು ಮಾಡಿದ. ವಿಚಿತ್ರವೆಂದರೆ ಅದೇ ಪಂದ್ಯದಲ್ಲಿ, ಗೆದ್ದ ತಂಡ 38 ಅಂಕ ಗಳಿಸಿದ್ದರೂ, ಮಹೋಮ್ಸ್ ಎಸೆದದ್ದು 182 ಯಾರ್ಡ್ ಮಾತ್ರ. ಚೀಫ್ಸ್‌ನ ನಿಕ್ ಬೋಲ್ಟನ್ ಬಿದ್ದ ಚೆಂಡನ್ನು ಎತ್ತಿಕೊಂಡು ಟಚ್‌ಡೌನ್‌ಗೆ ಓಡಿದ್ದು, ಕಡೇರಿಯಸ್ ಟೋನಿ ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು 65 ಯಾರ್ಡ್ ಮರಳಿಸಿದ್ದು, ಇವೆಲ್ಲ ಅಂಕ ತಂದುಕೊಟ್ಟವೇ ಹೊರತು ಕ್ವಾರ್ಟರ್‌ಬ್ಯಾಕ್‌ನ ಖಾತೆಯಲ್ಲಿ ಯಾರ್ಡ್ ಆಗಲಿಲ್ಲ. ಹೀಗಾಗಿ ಅಂಕಗಳ ಪ್ರಾಪ್‌ಗಳನ್ನೂ ಯಾರ್ಡ್ ಪ್ರಾಪ್‌ಗಳನ್ನೂ ಬೇರೆ ಬೇರೆ ಗುಂಪುಗಳಲ್ಲಿ ಇಡಲಾರಂಭಿಸಿದೆ, ಒಂದೇ ಕಥೆಯ ಮೇಲೆ ನಿಂತ ಬೆಟ್ಟುಗಳೆಲ್ಲ ಸೇರಿ ಬೆಟ್ಟಿಗೆಂದು ತೆಗೆದಿಟ್ಟ ಗಂಟಿನ ಹತ್ತನೆಯ ಒಂದು ಭಾಗವನ್ನು ಮೀರಬಾರದೆಂಬ ಕಟ್ಟಳೆ ಹಾಕಿಕೊಂಡೆ. ನಷ್ಟ ಸುಮಾರು 600.

ಆದರೆ 2024ರಲ್ಲಿ ಆದದ್ದು ನಷ್ಟವಲ್ಲ, ಶಿಕ್ಷೆ. ಪಂದ್ಯ ಹೆಚ್ಚುವರಿ ಅವಧಿಗೆ ಹೋಗುವುದಿಲ್ಲ ಎಂಬ ಪ್ರಾಪ್ ಒಂದು ಬುಕ್‌ನಲ್ಲಿ ಸುಮಾರು -1200ಕ್ಕೆ (100 ಡಾಲರ್ ಗೆಲ್ಲಲು 1,200 ಕಟ್ಟಬೇಕಾದ ದರಕ್ಕೆ) ಸಿಕ್ಕಿತು. ಅಲ್ಲಿಯವರೆಗಿನ 57 ಸೂಪರ್ ಬೌಲ್‌ಗಳಲ್ಲಿ ಹೆಚ್ಚುವರಿ ಅವಧಿಗೆ ಹೋದದ್ದು 2017ರ ಒಂದೇ ಪಂದ್ಯ. ಅದರಿಂದ 98 ಶೇಕಡ ಎಂದು ಹಿಡಿದೆ, ಕಾಲು ಕೆಲ್ಲಿಯ ಸೂತ್ರ (ಸಂಭವಕ್ಕೂ ದರಕ್ಕೂ ತಕ್ಕ ಮೊತ್ತ ಹೇಳುವ ಕೆಲ್ಲಿ ಲೆಕ್ಕದ ಕಾಲು ಭಾಗ) ನನ್ನ 5,000 ಡಾಲರ್ ಗಂಟಿನಲ್ಲಿ ಸುಮಾರು 950 ಕಟ್ಟು ಎಂದಿತು, ನನ್ನದೇ ಹತ್ತನೆಯ ಒಂದು ಭಾಗದ ಕಟ್ಟಳೆಯನ್ನು ಮುರಿದು ನಾನು ದುಂಡಗೆ 1,000 ಕಟ್ಟಿದೆ. ಗೆದ್ದರೆ ಸಿಗುವುದು 83 ಡಾಲರ್. ಚೀಫ್ಸ್ ಮತ್ತು ಫಾರ್ಟಿನೈನರ್ಸ್ 19-19ರಲ್ಲಿ ನಿಂತಾಗ ಕೋಣೆಯಲ್ಲಿದ್ದವರೆಲ್ಲ ಕುಣಿಯುತ್ತಿದ್ದರು. ನಾನೊಬ್ಬ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. 57 ಪಂದ್ಯಗಳೆಂಬುದು ನಮೂನೆಯೇ ಅಲ್ಲ, ಸಾಮಾನ್ಯ ಪಂದ್ಯಗಳಲ್ಲಿ ನೂರಕ್ಕೆ ಐದಾರು ಹೀಗೆ ಸಮವಾಗುತ್ತವೆ ಎಂಬುದನ್ನು ಹಿಡಿದಿದ್ದರೆ ಅದೇ ಸೂತ್ರ 350ಕ್ಕೆ ನಿಲ್ಲುತ್ತಿತ್ತು. ಬೆಟ್ಟು ತಪ್ಪಾಗಿರಲಿಲ್ಲ, ಮೊತ್ತ ತಪ್ಪಾಗಿತ್ತು. ಜೊತೆಗೆ, ಹೆಚ್ಚುವರಿ ಅವಧಿಯ ಯಾರ್ಡ್‌ಗಳೂ ಪ್ರಾಪ್‌ಗಳ ಲೆಕ್ಕಕ್ಕೆ ಸೇರುವುದರಿಂದ, ಒಂದು ಬೆಟ್ಟಿನ ಸೋಲು ನನ್ನ ಅಂಡರ್‌ಗಳನ್ನೂ ಸಾಲಾಗಿ ಹೊಡೆಯಿತು. ಇವು ಒಂದೇ ಕಥೆಯ ಕೊಂಬೆಗಳೆಂಬುದು ನನಗೆ ಹೊಳೆದಿರಲಿಲ್ಲ. ಅತಿ ಉದ್ದದ ಫೀಲ್ಡ್ ಗೋಲ್‌ನ (ಕಂಬಗಳ ನಡುವೆ ಚೆಂಡು ಒದೆಯುವುದರ) ಮೇಲಿನ ಅಂಡರನ್ನು ಜೇಕ್ ಮೂಡಿ 55 ಯಾರ್ಡಿನಿಂದ ಒದ್ದು ಮುಗಿಸಿದ. ಅದು ಸೂಪರ್ ಬೌಲ್ ದಾಖಲೆ, ಆದರೆ ಒಂದೇ ಸಂಜೆಯ ದಾಖಲೆ. ಹ್ಯಾರಿಸನ್ ಬಟ್ಕರ್ 57ರಿಂದ ಒದ್ದು ಅದನ್ನೂ ಅಳಿಸಿದ. ಆ ರಾತ್ರಿಯ ಒಂದೇ ಸಮಾಧಾನ, ಮೂರನೆಯ ಎಸೆತಗಾರನ ಪ್ರಾಪ್‌ನಲ್ಲಿ ಈ ಬಾರಿ 'ಹೌದು' ಕಟ್ಟಿದ್ದು: ಜುವಾನ್ ಜೆನ್ನಿಂಗ್ಸ್ ಕ್ರಿಶ್ಚಿಯನ್ ಮ್ಯಾಕ್ಯಾಫ್ರಿಗೆ ಟಚ್‌ಡೌನ್ ಎಸೆದ. ಒಟ್ಟು ನಷ್ಟ 1,900ರ ಹತ್ತಿರ. ಆರು ವರ್ಷಗಳನ್ನು ಕೂಡಿದರೆ ನಾನು 2,400 ಡಾಲರ್ ಹಿಂದೆ ಬಿದ್ದಿದ್ದೆ. ಪುಸ್ತಕ ಮುಚ್ಚಿಬಿಡಿ ಎಂದು ಹೆಂಡತಿ ಹೇಳಿದ್ದು ಒಂದು ಸಲವಲ್ಲ.

ನಡುವೆ ಮಾಡಿದ ಕೆಲವು ಉಪಪ್ರಯೋಗಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾಣ್ಯ ಚಿಮ್ಮುವಿಕೆಯನ್ನು -105ಕ್ಕೆ ಕೊಳ್ಳುವವರಿಗೆ ಹೇಳುವುದೇನೂ ಇಲ್ಲ. ಗೆದ್ದ ತರಬೇತುದಾರನ ಮೇಲೆ ಸುರಿಯುವ ಗೆಟೊರೇಡ್ ಪಾನೀಯದ ಬಣ್ಣದ ಮೇಲೆ ಒಂದು ವರ್ಷ ಹತ್ತು ಡಾಲರ್ ಕಟ್ಟಿ, ತಿಳಿದವರು ಯಾರೋ ಇರಬಹುದಾದ ಮಾರುಕಟ್ಟೆಯಲ್ಲಿ ತಿಳಿಯದವನಾಗಿ ಇರುವುದು ಬೇಡವೆಂದು ಬಿಟ್ಟೆ. ಗೆಳೆಯರ ಮನೆಯ ನೂರು ಚೌಕಗಳ ಆಟದಲ್ಲಿ (ಎರಡೂ ತಂಡಗಳ ಅಂಕಗಳ ಕೊನೆಯ ಅಂಕೆಗಳು ಬಿದ್ದ ಚೌಕಕ್ಕೆ ಬಹುಮಾನ), ಚೀಟಿ ತೆಗೆದ ನಂತರ 2 ಮತ್ತು 5 ಬಂದವರಿಂದ ಅಲ್ಲ, 0, 3, 7 ಬಂದೂ ಅದರ ಬೆಲೆ ತಿಳಿಯದವರಿಂದ ಚೌಕ ಕೊಳ್ಳಲು ಎರಡು ವರ್ಷ ಪ್ರಯತ್ನಿಸಿದೆ. ಲಾಭವಿದೆ, ಆದರೆ ಗೆಳೆತನ ಉಳಿಯುವುದಿಲ್ಲ.

ಈಗ ಬಾರ್ಕ್ಲಿಗೆ ಬರುತ್ತೇನೆ. ಅವನ ಪಂದ್ಯವಾರು ಪಟ್ಟಿಯಲ್ಲಿ 255, 176, 167 ಇದ್ದಂತೆ 47, 65, 66 ಕೂಡ ಇದ್ದವು. ಮಧ್ಯಾಂಕವೂ ನನ್ನ ವಿರುದ್ಧವಿದ್ದಾಗ ನಾನು ಕೇಳಿಕೊಂಡ ಪ್ರಶ್ನೆ: ಈ ದೊಡ್ಡ ಸಂಖ್ಯೆಗಳು ಎಲ್ಲಿಂದ ಬರುತ್ತಿವೆ? ಪಂದ್ಯದ ಮೊತ್ತವನ್ನು ಬಿಟ್ಟು, ಪ್ರತಿಯೊಂದು ಓಟವನ್ನೂ ಬಿಡಿಬಿಡಿಯಾಗಿ ಇಳಿಸಿಕೊಂಡೆ. ಒಂದು ಗಡಿಯೆಳೆದು, ಅದಕ್ಕಿಂತ ಚಿಕ್ಕ ಓಟಗಳನ್ನು ಒಂದು ರಾಶಿಗೂ ದೊಡ್ಡವನ್ನು ಇನ್ನೊಂದು ರಾಶಿಗೂ ಹಾಕಿದೆ. ಗಡಿ ಎಷ್ಟು ಯಾರ್ಡ್ ಎಂಬುದು ನಾನು ಉಳಿಸಿಕೊಳ್ಳುವ ಎರಡನೆಯ ಗುಟ್ಟು. ಚಿಕ್ಕ ಓಟಗಳ ರಾಶಿ ವಾರದಿಂದ ವಾರಕ್ಕೆ ಹೆಚ್ಚೇನೂ ಅಲುಗಾಡುತ್ತಿರಲಿಲ್ಲ. ಇಪ್ಪತ್ತು ಇಪ್ಪತ್ತೆರಡು ಓಟಗಳಿಗೆ 70 ಯಾರ್ಡಿನ ಸುತ್ತಮುತ್ತ ಬರುತ್ತಿತ್ತು. ಉಳಿದದ್ದೆಲ್ಲ ಒಂದೋ ಎರಡೋ ಉದ್ದದ ಓಟಗಳ ಕೃಪೆ. ಆ ಋತುವಿನಲ್ಲಿ, ಪ್ಲೇಆಫ್ ಸೇರಿಸಿದರೆ, ಅವನು 60 ಯಾರ್ಡ್ ಅಥವಾ ಅದಕ್ಕೂ ಉದ್ದದ ಟಚ್‌ಡೌನ್ ಓಟಗಳನ್ನೇ ಏಳು ಬಾರಿ ಓಡಿದ್ದ. ಅಂದರೆ ಲೈನ್ ಕೇಳುತ್ತಿದ್ದ ನಿಜವಾದ ಪ್ರಶ್ನೆ ಬಾರ್ಕ್ಲಿ 110 ದಾಟುತ್ತಾನೆಯೇ ಎಂಬುದಲ್ಲ, ಚೀಫ್ಸ್ ವಿರುದ್ಧ ಅವನಿಗೆ ಒಂದು ಉದ್ದದ ಓಟ ಸಿಗುತ್ತದೆಯೇ ಎಂಬುದು. ಉದ್ದದ ಓಟಗಳ ಸಂಖ್ಯೆಯನ್ನು ಪ್ವಾಸಾನ್ ಹಂಚಿಕೆ (ಅಪರೂಪದ ಘಟನೆಗಳ ಎಣಿಕೆಯ ಸಂಭವ ಹೇಳುವ ಸೂತ್ರ) ಎಂದು ಹಿಡಿದು, ಪಂದ್ಯಕ್ಕೆ ಒಂದರಂತೆ ನಿರೀಕ್ಷಿಸಿದರೆ ಒಂದೂ ಬಾರದಿರುವ ಸಂಭವ 37 ಶೇಕಡ. ಚೀಫ್ಸ್‌ನ ರಕ್ಷಣೆ ಅವನನ್ನು ತಡೆಯುವುದನ್ನೇ ಮೊದಲ ಕೆಲಸವಾಗಿ ಇಟ್ಟುಕೊಳ್ಳುತ್ತದೆಂದು ನಿರೀಕ್ಷೆಯನ್ನು 0.7ಕ್ಕೆ ಇಳಿಸಿದರೆ ಅದು 50 ಶೇಕಡಕ್ಕೆ ಏರುತ್ತದೆ. ಇದರ ಮೇಲೆ, ಹರ್ಟ್ಸ್ ತಾನೇ ಓಡುವ ಸಂಭವ, ಗೋಲಿನ ಹತ್ತಿರ ಅವನನ್ನೇ ಹಿಂದಿನಿಂದ ತಳ್ಳುವ ಈಗಲ್ಸ್‌ನ ಅಭ್ಯಾಸ, ಇವನ್ನೆಲ್ಲ ಸೇರಿಸಿ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹತ್ತು ಸಾವಿರ ಬಾರಿ ಓಡಿಸಿದಾಗ ಅಂಡರ್ ಗೆದ್ದದ್ದು ನೂರಕ್ಕೆ ಐವತ್ತೆಂಟರಷ್ಟು ಸಲ.

ಈ ಲೆಕ್ಕದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಮುಖ್ಯ ಲೈನಲ್ಲ, ಬುಕ್‌ಗಳು ಬೇರೆ ದರಕ್ಕೆ ಕೊಡುವ ಕೆಳಗಿನ ಪರ್ಯಾಯ ಲೈನುಗಳು. ಉದ್ದದ ಓಟ ಬಾರದಿದ್ದರೆ ಅವನು 105ರಲ್ಲೋ 100ರಲ್ಲೋ ನಿಲ್ಲುವವನಲ್ಲ, 70ರಲ್ಲೇ ನಿಲ್ಲುತ್ತಾನೆ. ಆದರೆ ಬುಕ್‌ಗಳ ಪರ್ಯಾಯ ದರಗಳು ಒಂದೇ ಗುಡ್ಡದ ಇಳಿಜಾರಿನಂತೆ ನಯವಾಗಿ ಇಳಿಯುತ್ತವೆ, ನಡುವೆ ತಗ್ಗಿರುವ ಎರಡು ಗುಡ್ಡಗಳು ಅವುಗಳಿಗೆ ಕಾಣುವುದಿಲ್ಲ. 113ರ ಹತ್ತಿರದ ಅಂಡರನ್ನು -110ಕ್ಕೆ 500 ಡಾಲರಿಗೂ, 80ರ ಕೆಳಗಿನದನ್ನು ಸುಮಾರು +280ಕ್ಕೆ (100 ಕಟ್ಟಿದರೆ 280 ಗೆಲ್ಲುವ ದರಕ್ಕೆ) 250 ಡಾಲರಿಗೂ ತೆಗೆದುಕೊಂಡೆ. ಲಿಮಿಟ್‌ಗಳಿಂದಾಗಿ ಇಷ್ಟನ್ನು ತುಂಬಿಸಲು ನಾಲ್ಕು ಬುಕ್‌ಗಳು ಬೇಕಾದವು. ಬಾರ್ಕ್ಲಿ 25 ಬಾರಿ ಓಡಿದ, ಅಂದರೆ ನಾನು ಅಂದಾಜು ಮಾಡಿದ್ದಕ್ಕಿಂತ ಹೆಚ್ಚೇ; ಗಳಿಸಿದ್ದು 57 ಯಾರ್ಡ್. ಈಗಲ್ಸ್ 40-22ರಿಂದ ಗೆದ್ದೂ, ಮಧ್ಯಂತರದಲ್ಲಿ 24-0 ಮುಂದಿದ್ದೂ ಅವನು ಅಷ್ಟಕ್ಕೇ ನಿಂತನೆಂಬುದನ್ನು ಗಮನಿಸಬೇಕು. ಮುಂದಿರುವ ತಂಡ ಓಡುತ್ತದೆ, ಓಡಿದರೆ ಓವರ್ ಬರುತ್ತದೆ ಎಂಬ ಸುಲಭ ಸಮೀಕರಣವನ್ನು ನಂಬಿದವರ ಹಣ ಅಂದು ನನ್ನ ಕಡೆಗೆ ಬಂತು. ಹರ್ಟ್ಸ್ 72 ಯಾರ್ಡ್ ಓಡಿದ್ದ.

ಅದೇ ಹಾಳೆಯಲ್ಲಿ ಚೀಫ್ಸ್‌ನ ಓಟಗಾರರಾದ ಕರೀಮ್ ಹಂಟ್ ಮತ್ತು ಐಸಾಯ ಪಚೆಕೊ ಇಬ್ಬರ ಮೇಲೂ ಅಂಡರ್ ಇತ್ತು, ಇಬ್ಬರೂ ಸೇರಿ 20 ಯಾರ್ಡ್ ದಾಟಲಿಲ್ಲ. ಟ್ರಾವಿಸ್ ಕೆಲ್ಸಿ 39ಕ್ಕೆ ನಿಂತ. ಸೋತದ್ದೂ ಇದೆ. ಮಹೋಮ್ಸ್‌ನ ಎಸೆತದ ಮೇಲೆ 253ರ ಸುಮಾರಿನ ಅಂಡರ್ ಮೂರು ಕ್ವಾರ್ಟರ್‌ಗಳ ಕಾಲ ಹಾಯಾಗಿ ನಿದ್ರಿಸುತ್ತಿತ್ತು. ಪಂದ್ಯ ಕೈಬಿಟ್ಟು ಹೋದ ಮೇಲೆ ಎದುರಾಳಿ ಸಡಿಲ ಬಿಟ್ಟ ಯಾರ್ಡ್‌ಗಳನ್ನೆಲ್ಲ ಆತ ಕೂಡಿಸಿಕೊಂಡು 257ಕ್ಕೆ ಮುಗಿಸಿದ. ನಾಲ್ಕು ಯಾರ್ಡಿಗೆ 300 ಡಾಲರ್ ಹೋಯಿತು. ಸೋಲುತ್ತಿರುವ ತಂಡದ ಕೊನೆಯ ಹತ್ತು ನಿಮಿಷಗಳಿಗೆಂದು ಈಗ ಇನ್ನೊಂದು ಕಾಲಮ್ ತೆರೆದಿದ್ದೇನೆ, ಅದರಲ್ಲಿ ಹಾಕಬೇಕಾದ ಅಂಕಿ ಇನ್ನೂ ನನಗೆ ತೃಪ್ತಿ ಕೊಟ್ಟಿಲ್ಲ.

ಒಟ್ಟು ಆ ರಾತ್ರಿ ಬಂದದ್ದು 3,700ರ ಹತ್ತಿರ. ಹಿಂದಿನ 2,400ರ ಹಳ್ಳ ತುಂಬಿ, ಏಳು ವರ್ಷಕ್ಕೆ 1,300 ಡಾಲರ್ ಉಳಿಯಿತು. ಗಂಟೆಗಳ ಲೆಕ್ಕ ಹಾಕಿದರೆ ಪಕ್ಕದ ಬೀದಿಯ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಎಂದು ಹೆಂಡತಿ ಹೇಳಿದಳು, ಅದು ನಿಜ. ಗೆದ್ದ ಹಣಕ್ಕೆ ತೆರಿಗೆಯಿದೆ. 2026ರಿಂದ ಸೋತ ಹಣದಲ್ಲಿ 90 ಶೇಕಡವನ್ನು ಮಾತ್ರ ಕಳೆಯಲು ಬಿಡುವ ಹೊಸ ನಿಯಮದಿಂದ, ಗೆಲುವೂ ಸೋಲೂ ಸಮನಾದ ವರ್ಷದಲ್ಲೂ ತೆರಿಗೆ ಬೀಳಬಹುದು. ನನ್ನಂತೆ ಅನೇಕ ಚಿಕ್ಕ ಬೆಟ್ಟುಗಳನ್ನು ಹರಡುವವರಿಗೆ ಇದು ಲಿಮಿಟ್‌ಗಿಂತ ದೊಡ್ಡ ತಲೆನೋವು, ಬೆಟ್ಟುಗಳ ಸಂಖ್ಯೆಯನ್ನು ಮೂವತ್ತರಿಂದ ಹನ್ನೆರಡಕ್ಕೆ ಇಳಿಸುವ ಯೋಚನೆಯಲ್ಲಿದ್ದೇನೆ. ಪರ್ಯಾಯ ಲೈನುಗಳಲ್ಲಿ ಗೆದ್ದ ನಂತರ ಇನ್ನೆರಡು ಬುಕ್‌ಗಳು ನನ್ನ ಲಿಮಿಟ್ ಇಳಿಸಿವೆ. ಭಾವಮೈದುನ ಹಾಳೆಯನ್ನು ಕೇಳಿದ. ಎರಡು ಕಾಲಮ್‌ಗಳನ್ನು ಅಳಿಸಿ ಕಳಿಸಿದ್ದೇನೆ.